ಮೊದಲ ಬೋರ್ಡಿನಲ್ಲಿ ಕೂತ ದರ್ಜಿ

"ಹೋಗಿ ಎದುರಿಗೆ ನಿಂತು ಒಪ್ಪಿಕೊಂಡುಬಿಟ್ಟರೆ ನಾಚಿಕೆ ಹೋಗುತ್ತದಲ್ಲವೇ ಅವ್ವಾ?" ಎಂದು ಶಿವನಂಜ ಕೇಳಿದ.

ಕೇಳುವಾಗಲೇ ಅವನು ಹೊರಟು ನಿಂತಿದ್ದ. ಹೆಗಲಿಗೆ ಚೀಲ, ಕಾಲಿಗೆ ಚಪ್ಪಲಿ. ಮೂರು ವರ್ಷದ ಹಿಂದೆ ತನ್ನೂರಿನಲ್ಲಿ ಏನೋ ಮಾಡಿ, ಮಠ ಸೇರಿ ಶಿಷ್ಯನಾದವನು. ಏನು ಮಾಡಿದ ಎಂದು ಯಾರಿಗೂ ಹೇಳಿರಲಿಲ್ಲ. ಯಾರ ಮನೆಯವರಿಗೆ ಮಾಡಿದ ಎಂದೂ ಹೇಳಿರಲಿಲ್ಲ. ಇಂದು ಆ ಮನೆಗೇ ಹೋಗಿ ಎಲ್ಲ ಹೇಳಿ ಹಗುರಾಗಿ ಬರುತ್ತೇನೆ, ಅಪ್ಪಣೆ ಕೊಡಿ ಎನ್ನುತ್ತಿದ್ದ.

ಮಠದ ದೊಡ್ಡವ್ವನವರಿಗೆ ಶಾಸ್ತ್ರ ಬರುತ್ತಿರಲಿಲ್ಲ. ಸುತ್ತಿನ ಹನ್ನೆರಡು ಊರಿನ ಸುದ್ದಿ ಬರುತ್ತಿತ್ತು. ಯಾರು ಯಾರ ಮನೆಯಲ್ಲಿ ಉಂಡರು, ಉಂಡ ಮನೆಗೆ ಯಾರು ಎರಡು ಬಗೆದರು, ಎಲ್ಲ ನಾಲಿಗೆಯ ತುದಿಯಲ್ಲಿ. ಅವರು ಪಾಠ ಹೇಳುತ್ತಿದ್ದುದೂ ಅದರಿಂದಲೇ.

"ಬಸ್ಸಿಗೆ ಇನ್ನೂ ಹೊತ್ತಿದೆ. ಕೂತುಕೋ," ಎಂದರು.

ಅವನು ಕೂತ. ಚೀಲ ಮಾತ್ರ ಇಳಿಸಲಿಲ್ಲ. ಅವ್ವನವರು ಹೇಳತೊಡಗಿದರು.

ಹೊಳೆಯ ಈ ದಡದಲ್ಲಿ ಒಂದು ಊರು, ಆ ದಡದಲ್ಲಿ ಒಂದು ಊರು. ಎರಡರಲ್ಲೂ ಒಂದೊಂದು ಚೆಸ್ ಕ್ಲಬ್ಬು. ಚದುರಂಗ ಮರ್ಯಾದಸ್ಥರ ಆಟ ಎನ್ನುತ್ತಾರೆ. ಇರಬಹುದು. ಮರ್ಯಾದಸ್ಥರು ಎಷ್ಟು ಸದ್ದಿಲ್ಲದೆ ಮರ್ಯಾದೆ ಕಳೆದುಕೊಳ್ಳುತ್ತಾರೆ ಎಂದು ನೋಡಬೇಕಾದರೆ ಅಲ್ಲಿಗೇ ಹೋಗಬೇಕು.

ವರ್ಷಕ್ಕೊಮ್ಮೆ ಲೀಗ್ ಪಂದ್ಯ. ಕೊನೆಯ ಪಂದ್ಯ ಯಾವಾಗಲೂ ಈ ಎರಡು ಊರಿಗೇ ಬರುತ್ತಿತ್ತು. ಗೆದ್ದವರಿಗೆ ಒಂದು ಶೀಲ್ಡು. ಐದು ವರ್ಷದಿಂದ ಅದು ಆ ದಡದಲ್ಲೇ ಇತ್ತು.

ಆಟದ ಕ್ರಮ ಹೀಗೆ. ಒಂದೊಂದು ಕಡೆ ನಾಲ್ಕು ಜನ. ನಾಲ್ಕು ಬೋರ್ಡು. ಹಿಂದಿನ ದಿನವೇ ಎರಡೂ ಕಡೆಯವರು ಹೆಸರಿನ ಪಟ್ಟಿ ಬರೆದು ಕೊಡಬೇಕು. ಅವರ ಮೊದಲನೆಯವನು ಇವರ ಮೊದಲನೆಯವನ ಎದುರು, ಎರಡನೆಯವನು ಎರಡನೆಯವನ ಎದುರು. ಊಟದ ಪಂಕ್ತಿಯಲ್ಲಿ ಹಿರಿಯರು ಮೊದಲು ಕೂರುವ ಹಾಗೆ, ಪಟ್ಟಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನ ಹೆಸರು ಮೊದಲು. ಹಾಗೆ ಬರೆಯಬೇಕು ಎಂದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಪದ್ಧತಿ ಅಷ್ಟೆ. ಪುಸ್ತಕದಲ್ಲಿ ಇಲ್ಲದ್ದನ್ನು ಮುರಿದರೆ ಯಾರೂ ಹಿಡಿಯುವುದಿಲ್ಲ. ಅದಕ್ಕೇ ಅದನ್ನು ಮುರಿಯುವುದಕ್ಕೆ ಜಾಣರೇ ಬೇಕು.

ಈ ದಡದ ಕ್ಲಬ್ಬಿನ ಕ್ಯಾಪ್ಟನ್ ಒಬ್ಬರು ಲೆಕ್ಕದ ಮೇಷ್ಟರು. ಮೊದಲ ಬೋರ್ಡಿನಲ್ಲಿ ಕೂರುತ್ತಿದ್ದವರೂ ಅವರೇ. ಆ ದಡದಲ್ಲಿ ಮೊದಲ ಬೋರ್ಡಿನಲ್ಲಿ ಕೂರುತ್ತಿದ್ದವನು ಅಕ್ಕಿ ಗಿರಣಿಯವನು. ಅವನು ಬೇರೆ ಯಾರೂ ಅಲ್ಲ, ಮೇಷ್ಟರ ಹೆಂಡತಿಯ ತಮ್ಮ. ಸ್ವಂತ ಭಾವಮೈದುನ.

ಐದು ವರ್ಷ ಅವನ ಎದುರು ಕೂತರು. ಐದು ವರ್ಷವೂ ಸೋತರು. ಸೋತದ್ದು ಹೋಗಲಿ. ಗೌರಿ ಹಬ್ಬಕ್ಕೆ ಅವನು ಅಕ್ಕನಿಗೆ ಬಾಗಿನ ತರಬೇಕಲ್ಲ? ತರುತ್ತಿದ್ದ. ಊಟಕ್ಕೆ ಕೂರುತ್ತಿದ್ದ. ಎಲೆಗೆ ಒಬ್ಬಟ್ಟು ಬಿದ್ದ ಮೇಲೆ ಬಾಯಿ ಬಿಡುತ್ತಿದ್ದ. "ಅಕ್ಕನನ್ನು ಕೊಟ್ಟಿದ್ದೇವೆ ಭಾವ, ಶೀಲ್ಡನ್ನೂ ಕೊಡಬೇಕು ಎಂದರೆ ಹೇಗೆ?" ಎನ್ನುತ್ತಿದ್ದ. ತುಪ್ಪ ಬಡಿಸುತ್ತಿದ್ದ ಹೆಂಡತಿ ತವರಿನ ಕಡೆ ನಗುತ್ತಿದ್ದಳು. ಮೇಷ್ಟರ ಎಲೆಯಲ್ಲಿ ಒಬ್ಬಟ್ಟು ಹಾಗೇ ಉಳಿಯುತ್ತಿತ್ತು. ನನಗೆ ಯಾರು ಹೇಳಿದರು ಎಂದು ಕೇಳಬೇಡ. ಎಲೆ ಎತ್ತಿದವಳು ಹೇಳಿದಳು.

ಆರನೆಯ ವರ್ಷ ಪಂದ್ಯ ಈ ದಡದಲ್ಲಿ. ಇಲ್ಲಿಯೂ ಸೋತರೆ ಕ್ಯಾಪ್ಟನ್‌ಗಿರಿ ಹೋಗುತ್ತದೆ ಎಂದು ಕ್ಲಬ್ಬಿನಲ್ಲಿ ಗುಸುಗುಸು ಇತ್ತು. ಮೇಷ್ಟರು ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಒಂದು ಲೆಕ್ಕ ಹಾಕಿಕೊಂಡು ಬಂದರು. ಗಿರಣಿಯವನನ್ನು ಸೋಲಿಸುವುದು ಆಗದ ಮಾತು. ಹಾಗಾದರೆ ಅವನ ಎದುರಿಗೆ ಸೋಲುವವನನ್ನೇ ಕೂರಿಸಬೇಕು. ತಾವು ಎರಡನೆಯ ಬೋರ್ಡಿಗೆ ಇಳಿದರೆ ಎದುರಿಗೆ ಬರುವವನು ಅವರ ಎರಡನೆಯವನು. ತಮ್ಮ ಎರಡನೆಯವನ ಎದುರಿಗೆ ಅವರ ಮೂರನೆಯವನು. ತಮ್ಮ ಮೂರನೆಯವನ ಎದುರಿಗೆ ಅವರ ನಾಲ್ಕನೆಯವನು. ಒಂದು ಸೋಲು, ಮೂರು ಗೆಲುವು.

ಉಳಿದ ಆಟಗಾರರಿಗೆ ಹೇಳಿದಾಗ ಅವರು ತೊಡೆ ತಟ್ಟಿಕೊಂಡು ನಕ್ಕರು. ನಾಲ್ಕನೆಯವನಿಗೆ ಜ್ವರ ಬಂದಿದೆ ಎಂದು ಹೇಳಿಸಿದರು. ಜ್ವರದವನು ಅಂದು ಸಂಜೆ ಸಂತೆಯಲ್ಲಿ ಕಬ್ಬು ತಿನ್ನುತ್ತಿದ್ದ, ಆ ಮಾತು ಬೇರೆ.

ಮೇಷ್ಟರು ಅದನ್ನು ಲೆಕ್ಕ ಎಂದರು. ಹೆದರಿಕೆ ಎನ್ನಲಿಲ್ಲ.

ಸೋಲುವವನೊಬ್ಬ ಬೇಕಿತ್ತಲ್ಲ. ಇದ್ದ.

ಆ ಊರಿನಲ್ಲಿ ಒಬ್ಬ ದರ್ಜಿ. ಅವನಿಗೆ ಆಟದ ಹುಚ್ಚಿತ್ತು, ಆಟ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕ್ಲಬ್ಬಿನ ಮೆಂಬರು. ದಿನಾ ಸಂಜೆ ಅಂಗಡಿಯಿಂದ ಎದ್ದು ಬರುತ್ತಿದ್ದ, ಸೋಲುತ್ತಿದ್ದ, ಹೋಗುತ್ತಿದ್ದ. ಕುದುರೆ ಉಳಿಸಲು ಹೋಗಿ ಮಂತ್ರಿಯನ್ನು ಕಳೆದುಕೊಳ್ಳುವವನು. ಸೋತ ಮೇಲೆ ಕಾಯಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದವನೂ ಅವನೇ. ಮೇಜಿನ ಹಾಸು ಹರಿದರೆ ಮನೆಗೆ ಒಯ್ದು ಹೊಲಿದು ತರುತ್ತಿದ್ದವನೂ ಅವನೇ. ಲೀಗಿನ ಪಟ್ಟಿಯಲ್ಲಿ ಅವನ ಹೆಸರು ಒಂದು ದಿನವೂ ಬಂದಿರಲಿಲ್ಲ.

ಮೇಷ್ಟರು ಅವನ ಅಂಗಡಿಗೆ ಹೋದರು. ಇಪ್ಪತ್ತೆರಡು ವರ್ಷ ನೀನು ಎಂದವರು ಅಂದು ನೀವು ಎಂದರು. ದೊಡ್ಡವರು ಸುಮ್ಮಸುಮ್ಮನೆ ನೀವು ಎಂದರೆ ನಾನಾದರೆ ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತೇನೆ. ದರ್ಜಿ ಅಷ್ಟು ಜಾಣನಲ್ಲ. ಈ ಸಲ ಮೊದಲ ಬೋರ್ಡಿನಲ್ಲಿ ನೀವೇ ಕೂರಬೇಕು, ಇಷ್ಟು ವರ್ಷ ಕ್ಲಬ್ಬಿಗೆ ದುಡಿದಿದ್ದೀರಿ, ಇದು ನಮ್ಮೆಲ್ಲರ ಮನಸ್ಸಿನಲ್ಲಿದೆ ಎಂದು ಮೇಷ್ಟರು ಹೇಳಿದಾಗ ಅವನ ಕಾಲು ಮಿಷನ್ನಿನ ಮೇಲೆ ಹಾಗೇ ನಿಂತಿತು.

ಅಂಗಡಿಯಲ್ಲಿ ಒಂದು ಪರದೆ. ಅದರ ಹಿಂದೆ ಅವನ ಹೆಂಡತಿ ಕೂತು ಕಾಜಾ ಹಾಕುತ್ತಿದ್ದಳು. ಗುಂಡಿಯ ತೂತಿಗೆ ಸುತ್ತಲೂ ದಾರ ಸುತ್ತುವ ಕೆಲಸ. ಅವಳ ತವರಿನವರು ಸ್ವಲ್ಪ ಅನುಕೂಲಸ್ಥರು. ಮಗಳ ಗಂಡನನ್ನು ಅವರು ಅಳಿಯ ಎನ್ನುತ್ತಿರಲಿಲ್ಲ, ಆ ದರ್ಜಿ ಎನ್ನುತ್ತಿದ್ದರು. ಹಬ್ಬಕ್ಕೆ ಮಗಳನ್ನು ಕರೆಯುತ್ತಿದ್ದರು. ಅವನನ್ನು ಕರೆಯಲು ಪ್ರತಿ ವರ್ಷವೂ ಮರೆಯುತ್ತಿದ್ದರು.

ಅವಳು ಪರದೆಯ ಹಿಂದಿನಿಂದ ಎಲ್ಲ ಕೇಳಿಸಿಕೊಂಡಳು. ಕಾಫಿ ಮಾಡಿ ತಂದಳು. ಹಾಲು ಹೆಚ್ಚಾಗಿಯೇ ಹಾಕಿದ್ದಳು. ಮೇಷ್ಟರು ಕುಡಿದರು.

ಮರುದಿನ ನಲ್ಲಿಯ ಹತ್ತಿರ ಇಡೀ ಕೇರಿಗೆ ಸುದ್ದಿ. ನಮ್ಮವರು ಮೊದಲನೆಯವರಂತೆ. ಮೇಷ್ಟರು ಎರಡನೆಯವರಂತೆ. ಅವಳಿಗೆ ಆಟದ ಗಂಧವಿರಲಿಲ್ಲ. ಮೊದಲು ಎಂದರೆ ಮೊದಲು, ಅಷ್ಟೇ ಅವಳಿಗೆ ಗೊತ್ತು. ತವರಿಗೂ ಹೇಳಿ ಕಳಿಸಿದಳು. ಊರಿನವರ ಅಂಗಿಯನ್ನೇ ಹೊಲಿದು ತನಗೊಂದು ಹೊಸದು ಹೊಲಿದುಕೊಳ್ಳದವನಿಗೆ ಹಟ ಹಿಡಿದು ಬಿಳಿಯ ಅಂಗಿ ಹೊಲಿಸಿದಳು. ಕಾಜಾ ತಾನೇ ಹಾಕಿದಳು.

ಪಂದ್ಯ ನಡೆದದ್ದು ಗೊಬ್ಬರದ ಸೊಸೈಟಿಯ ಮೇಲಿನ ಕೋಣೆಯಲ್ಲಿ. ಅಲ್ಲಿಗೆ ಹೆಂಗಸರು ಹೋದದ್ದೇ ಇಲ್ಲ. ಅವಳು ಹೋದಳು. ಅಣ್ಣನನ್ನೂ ಕರೆದುಕೊಂಡು ಹೋದಳು. ಗೋಡೆಯ ಹತ್ತಿರದ ಬೆಂಚಿನ ಮೇಲೆ ಇಬ್ಬರೂ ಕೂತರು.

ಎರಡು ಗಂಟೆಗೆ ಪಟ್ಟಿ ಓದಿದರು. ಈ ಕಡೆಯ ಮೊದಲ ಹೆಸರು ಕೇಳಿ ಆ ದಡದವರು ಮುಖ ಮುಖ ನೋಡಿಕೊಂಡರು. ಆಮೇಲೆ ಅವರಿಗೆ ಅರ್ಥವಾಯಿತು. ಗಿರಣಿಯವನು ಮೇಷ್ಟರ ಕಡೆ ತಿರುಗಿ ಒಂದು ನಗು ನಕ್ಕ. ಮೇಷ್ಟರು ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಎಷ್ಟು ಒರೆಸಿದರೂ ಅದು ಮಸಕಾಗಿಯೇ ಇತ್ತೆಂದು ಕಾಣುತ್ತದೆ, ಬಹಳ ಹೊತ್ತು ಒರೆಸಿದರು.

ದರ್ಜಿ ಕೈ ಮುಗಿದು ಕೂತ.

ಒಬ್ಬೊಬ್ಬರಿಗೂ ಗಡಿಯಾರದಲ್ಲಿ ಒಂದೂವರೆ ಗಂಟೆ. ಮೇಷ್ಟರು ತಮ್ಮ ಎದುರಾಳಿಯನ್ನು ಒಂದು ಗಂಟೆಯೊಳಗೆ ಮುಗಿಸಿದರು. ಇನ್ನಿಬ್ಬರೂ ಹಿಂದೆಯೇ ಮುಗಿಸಿದರು. ಮೂರು ಗೆಲುವು ಬಂತು. ಶೀಲ್ಡು ಬಂದಂತೆಯೇ. ಮೊದಲ ಬೋರ್ಡು ಮಾತ್ರ ಮುಗಿದಿರಲಿಲ್ಲ.

ಮುಗಿಯುವುದಕ್ಕೆ ಅಲ್ಲಿ ಏನು ಉಳಿದಿತ್ತು? ದರ್ಜಿಯ ಮಂತ್ರಿ ಹೋಗಿತ್ತು. ಆನೆ ಎರಡೂ ಹೋಗಿದ್ದವು. ಒಂದು ರಾಜ, ಒಂದು ಕುದುರೆ, ಮೂರು ಕಾಲಾಳು. ಆಟ ಬಲ್ಲವರು ಅಂಥ ಹೊತ್ತಿನಲ್ಲಿ ಎದುರಾಳಿಯ ಕೈ ಕುಲುಕಿ ಎದ್ದುಬಿಡುತ್ತಾರೆ. ಅದೂ ಪುಸ್ತಕದಲ್ಲಿಲ್ಲದ ಪದ್ಧತಿಯೇ. ದರ್ಜಿ ಏಳಲಿಲ್ಲ. ತಲೆ ತಗ್ಗಿಸಿ ಯೋಚಿಸುತ್ತಿದ್ದ. ಒಂದೊಂದು ನಡೆಗೂ ಹತ್ತು ನಿಮಿಷ. ಗಿರಣಿಯವನು ಹೋಗಿ ಎಲೆ ಅಡಿಕೆ ಹಾಕಿಕೊಂಡು ಬಂದ. ಆಕಳಿಸಿದ. ಸುತ್ತ ನಿಂತವರು ಕಿಸಕ್ಕೆಂದರು. ಬಟ್ಟೆ ಕೊಟ್ಟರೂ ಹೀಗೆಯೇ, ಇವತ್ತು ನಾಳೆ ಎನ್ನುತ್ತಾನೆ ಎಂದು ಒಬ್ಬ ಎಂದ.

ಮೇಷ್ಟರಿಗೆ ನಾಚಿಕೆಯಾಯಿತು. ತಮ್ಮ ಬಗ್ಗೆ ಅಲ್ಲ. ಅವನ ಬಗ್ಗೆ. ನಾಚಿಕೆಗೂ ಮೊದಮೊದಲು ಮನೆ ತಪ್ಪುತ್ತದೆ. ಹಿಂದಿನಿಂದ ಬಂದು ಅವನ ಕಿವಿಯ ಹತ್ತಿರ ಬಗ್ಗಿದರು.

"ಸಾಕು, ಎದ್ದುಬಿಡಿ. ಪಂದ್ಯ ಗೆದ್ದಾಯಿತು."

"ಇನ್ನು ಸ್ವಲ್ಪ ಹೊತ್ತು ಮೇಷ್ಟ್ರೇ," ಎಂದ ದರ್ಜಿ. ತಲೆ ಎತ್ತಲಿಲ್ಲ.

ತನ್ನ ಒಂದೂವರೆ ಗಂಟೆಯನ್ನು ಕೊನೆಯ ನಿಮಿಷದವರೆಗೆ ಉಪಯೋಗಿಸಿದ. ರಾಜನಿಗೆ ಎಲ್ಲ ಕಡೆ ದಾರಿ ಮುಚ್ಚುವ ತನಕ ಕೂತ. ಆಮೇಲೆ ಎದ್ದು ಗಿರಣಿಯವನಿಗೆ ಕೈ ಮುಗಿದ. ಕಾಯಿಗಳನ್ನು ಪೆಟ್ಟಿಗೆಗೆ ತುಂಬಲು ಹೋದ. ಹೆಂಡತಿಯ ಅಣ್ಣ ಬೆಂಚಿನಿಂದ ಎದ್ದು ಬಂದು, ಅದನ್ನು ಬೇರೆಯವರು ತುಂಬುತ್ತಾರೆ ಬನ್ನಿ ಭಾವ ಎಂದು ಕೈ ಹಿಡಿದುಕೊಂಡ. ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ ಬಂದ ಮೊದಲ ಭಾವ ಅದು.

ಶೀಲ್ಡು ಬಂತು. ಮೇಷ್ಟರಿಗೆ ಹಾರ ಬಿತ್ತು. ಭಾಷಣವಾಯಿತು. ಭಾಷಣದಲ್ಲಿ ದರ್ಜಿಯ ಹೆಸರು ಬರಲಿಲ್ಲ. ಸೋತವನ ಹೆಸರು ಯಾಕೆ ಎಂದುಕೊಂಡಿರಬೇಕು.

ಆ ಹೆಸರು ನಲ್ಲಿಯ ಹತ್ತಿರ ಬಂತು. ಮಿಕ್ಕವರೆಲ್ಲ ಒಂದೇ ಗಂಟೆಗೆ ಎದ್ದುಹೋದರು, ನಮ್ಮವರು ಮಾತ್ರ ಆ ಗಿರಣಿಯವನನ್ನು ಐದು ಗಂಟೆಯವರೆಗೆ ಏಳಲು ಬಿಡಲಿಲ್ಲ ಎಂದು ಹೆಂಡತಿ ಹೇಳಿಕೊಂಡಳು. ಅವಳ ಲೆಕ್ಕದಲ್ಲಿ ಹೆಚ್ಚು ಹೊತ್ತು ಕೂತವನೇ ಗಟ್ಟಿಗ.

ಈಗ ಊರಿನ ಬಾಯಿಯ ಮಾತು ಕೇಳು. ಮೇಷ್ಟರ ಲೆಕ್ಕ ವಾರದೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಕಬ್ಬು ತಿಂದವನೇ ಹೇಳಿರಬೇಕು. ಬೇಡದ ಕೆಲಸಕ್ಕೆ ಯಾರನ್ನಾದರೂ ಮುಂದೆ ತಳ್ಳಿದರೆ, ದರ್ಜಿಯನ್ನು ಮೊದಲಿಗೆ ಕೂರಿಸಿದರು ಎಂಬ ಗಾದೆಯೇ ಹುಟ್ಟಿಕೊಂಡಿತು. ಆ ಊರಿನ ಹೆಂಗಸರ ನಾಲಿಗೆ ನನಗೆ ಗೊತ್ತು. ಹೆತ್ತ ತಾಯಿಯ ವಿಷಯ ಸಿಕ್ಕರೂ ಬಿಡುವವರಲ್ಲ. ಆದರೂ ಅವಳು ಕೊಡ ಹಿಡಿದು ಬಂದರೆ ಎಲ್ಲರೂ ಆ ಗಾದೆ ನುಂಗಿಕೊಳ್ಳುತ್ತಿದ್ದರು. ಅವಳು ಹೇಳಿದ್ದನ್ನೇ ಹೇಳಿದರೂ ಹೂಂ ಎನ್ನುತ್ತಿದ್ದರು. ಆ ಒಂದು ವಿಷಯದಲ್ಲಿ ಆ ಊರಿಗೆ ಎಲ್ಲಿಂದಲೋ ಮಾನ ಬಂದುಬಿಟ್ಟಿತ್ತು.

ಆ ವರ್ಷ ದೀಪಾವಳಿಗೆ ತವರಿನಿಂದ ಕರೆ ಬಂತು. ಅಳಿಯಂದಿರೂ ತಪ್ಪದೆ ಬರಬೇಕು ಎಂದು ಬಂತು. ಇಬ್ಬರೂ ಹೋಗಿಬಂದರು.

ಇತ್ತ ಮೇಷ್ಟರ ಮನೆಗೆ ಗೌರಿ ಹಬ್ಬ ಬಂದಿತ್ತು. ಭಾವಮೈದುನ ಬಾಗಿನ ತಂದಿದ್ದ. ಊಟಕ್ಕೆ ಕೂತ. ಆ ಸಲ ಶೀಲ್ಡು ಎದುರಿನ ಗೋಡೆಯ ಮೇಲೆಯೇ ಇತ್ತು. ಮೇಷ್ಟರು ಅವನ ಬಾಯಿ ಮುಚ್ಚಿತು ಎಂದುಕೊಂಡಿದ್ದರು. ಅವನು ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಮೆಲ್ಲಗೆ ಎಂದ:

"ಐದು ವರ್ಷ ನನ್ನ ಎದುರಿಗೆ ಕೂತು ಸೋತಿರಿ ಭಾವ. ತಮಾಷೆ ಮಾಡಿದೆ, ಆದರೆ ಒಳಗೆ ಗೌರವವಿತ್ತು. ಈ ವರ್ಷ ದರ್ಜಿಯ ಬೆನ್ನ ಹಿಂದೆ ಕೂತು ಗೆದ್ದಿರಿ."

ಹೆಂಡತಿ ಆ ಸಲ ಯಾವ ಕಡೆಯೂ ನಗಲಿಲ್ಲ. ಎಲೆ ಅಡಿಕೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಗಂಡನ ಮುಖ ನೋಡಲಿಲ್ಲ.

ಅಂದಿನಿಂದ ನಾಚಿಕೆ ತನ್ನ ಸರಿಯಾದ ಮನೆಗೆ ಬಂತು. ಮೇಷ್ಟರು ಶೀಲ್ಡನ್ನು ಒಳಗಿನ ಕೋಣೆಗೆ ಸಾಗಿಸಿದರು. ದರ್ಜಿಯ ಅಂಗಡಿಯ ಮುಂದಿನ ದಾರಿ ಬಿಟ್ಟು ಕೆರೆಯ ಏರಿ ಸುತ್ತಿಕೊಂಡು ಶಾಲೆಗೆ ಹೋಗತೊಡಗಿದರು. ಅಂಗಿಯನ್ನು ಹೊಳೆ ದಾಟಿ ಬೇರೆ ಊರಿನಲ್ಲಿ ಹೊಲಿಸಿದರು. ಎಲ್ಲಿ ಸುತ್ತಿದರೂ ದರ್ಜಿಯ ಹೆಂಡತಿ ಸಿಗುತ್ತಿದ್ದಳು. ಸಿಕ್ಕಾಗಲೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದಳು. ನಮ್ಮವರನ್ನು ಗುರುತಿಸಿದವರು ನೀವೊಬ್ಬರೇ ಎನ್ನುತ್ತಿದ್ದಳು. ಹಬ್ಬ ಹುಣ್ಣಿಮೆಗೆ ಮನೆಗೆ ಕಜ್ಜಾಯ ಕಳಿಸುತ್ತಿದ್ದಳು. ಮೇಷ್ಟರ ಮನೆಯಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಎಸೆಯುವುದಕ್ಕೂ ಕೈ ಬರುತ್ತಿರಲಿಲ್ಲ. ಡಬ್ಬಿಯಲ್ಲಿ ಬೂಸಲು ಹಿಡಿಯುತ್ತಿತ್ತು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೃತಜ್ಞತೆಯನ್ನು ಎಷ್ಟು ದಿನ ತಡೆದುಕೊಳ್ಳುತ್ತೀ?

ನಾಲ್ಕು ವರ್ಷ ಹೀಗೇ ಹೋಯಿತು. ಮೇಷ್ಟರಿಗೆ ನಿದ್ದೆ ಕಡಿಮೆಯಾಯಿತು. ಯಾವುದೋ ಹರಿಕತೆಯಲ್ಲಿ ದಾಸರು, ಬಾಯಿಬಿಟ್ಟು ಹೇಳಿದ ಪಾಪ ಅರ್ಧ ಪಾಪ ಎಂದರಂತೆ. ಮೇಷ್ಟರಿಗೆ ಲೆಕ್ಕ ಎಂದರೆ ಪ್ರೀತಿಯಲ್ಲವೇ? ಅರ್ಧ ಕಳೆಯುತ್ತದೆ ಎಂದು ಕೇಳಿ ಮನಸ್ಸು ಗಟ್ಟಿಯಾಯಿತು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ನೇರವಾದ ದಾರಿಯಲ್ಲೇ ದರ್ಜಿಯ ಅಂಗಡಿಗೆ ಹೋದರು. ದೇವಸ್ಥಾನಕ್ಕೆ ಹೊರಟವರ ಹಾಗೆ ಇದ್ದರು ಎಂದು ನೋಡಿದವರು ಹೇಳಿದರು.

ದರ್ಜಿ ಮಿಷನ್ ತುಳಿಯುತ್ತಿದ್ದ. ಮೇಷ್ಟರು ಸ್ಟೂಲಿನ ಮೇಲೆ ಕೂತರು. ಒಂದು ಮಾತು ಹೇಳಬೇಕು, ಮಿಷನ್ ನಿಲ್ಲಿಸಿ ಎಂದರು. ದರ್ಜಿ ಅವರ ಪಂಚೆ ನೋಡಿದ, ಮುಖ ನೋಡಿದ. ನಿಲ್ಲಿಸಲಿಲ್ಲ. ಬಟ್ಟೆ ಅವಸರದ್ದಿದೆ, ಸಂಜೆ ಕ್ಲಬ್ಬಿನಲ್ಲಿ ಮಾತಾಡೋಣ ಎಂದ. ಮೇಷ್ಟರು ಸಂಜೆಯವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ಆ ಪಂದ್ಯದ ವಿಷಯ ಎಂದರು. ದರ್ಜಿ ಇನ್ನೂ ಜೋರಾಗಿ ತುಳಿದ. ಮಿಷನ್ ಕಟಕಟ ಎಂದಿತು. ಮೇಷ್ಟರು ದನಿ ಏರಿಸಿದರು. ಅವನು ತುಳಿದ. ಇವರು ಇನ್ನೂ ಏರಿಸಿದರು. ಮೂವತ್ತು ವರ್ಷ ಗದ್ದಲದ ಮಕ್ಕಳಿಗೆ ಪಾಠ ಹೇಳಿದ ಗಂಟಲು, ಬೀದಿಗೂ ಕೇಳಿಸುತ್ತದೆ.

"ನಿಮ್ಮನ್ನು ಮೊದಲ ಬೋರ್ಡಿಗೆ ಹಾಕಿದ್ದು ಗೌರವಕ್ಕಲ್ಲ. ಸೋಲುವುದಕ್ಕೆ ಒಬ್ಬ ಬೇಕಿತ್ತು, ಅದಕ್ಕೆ ಹಾಕಿದೆ. ನನಗೆ ಹೆದರಿಕೆಯಾಗಿತ್ತು."

ಮಿಷನ್ ನಿಂತಿತು.

ಮೇಷ್ಟರ ಕಣ್ಣಲ್ಲಿ ನೀರು ಬಂತು. ಕೈ ಮುಗಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು. ಇನ್ನು ಬೈಯಲಿ, ಹೊಡೆಯಲಿ ಎಂದು ಕೂತರು.

ದರ್ಜಿ ಬೈಯಲಿಲ್ಲ. ಸೂಜಿಯ ಕೆಳಗಿನಿಂದ ಬಟ್ಟೆ ಎಳೆದು ದಾರ ಕತ್ತರಿಸಿದ. ಆಮೇಲೆ ಬಹಳ ಮೆಲ್ಲಗೆ ಹೇಳಿದ:

"ನನಗೆ ಗೊತ್ತಿತ್ತು ಮೇಷ್ಟ್ರೇ. ಪಟ್ಟಿ ಓದಿದಾಗಲೇ ಗೊತ್ತಾಯಿತು. ನಮ್ಮ ಒಂದನೆಯವರು ಅವರ ಎರಡನೆಯವನಿಗೆ, ನಮ್ಮ ಎರಡನೆಯವರು ಅವರ ಮೂರನೆಯವನಿಗೆ. ಒಂದು ಕಾಜಾ ತಪ್ಪಿಸಿ ಗುಂಡಿ ಹಾಕಿದ ಅಂಗಿ. ಅಷ್ಟೂ ಕಾಣದಿದ್ದರೆ ನಾನು ಎಂಥ ದರ್ಜಿ?"

ಗೊತ್ತಿದ್ದೂ ಯಾಕೆ ಕೂತಿರಿ, ಎಲ್ಲರೂ ನಗುತ್ತಿದ್ದರೂ ಐದು ಗಂಟೆಯವರೆಗೆ ಯಾಕೆ ಕೂತಿರಿ ಎಂದು ಮೇಷ್ಟರು ಕೇಳಿದರು.

"ಅವಳು ನೋಡುತ್ತಿದ್ದಳು," ಎಂದ ದರ್ಜಿ.

ಮೇಷ್ಟರು ಪರದೆಯ ಕಡೆ ತಿರುಗಿದ್ದು ಆಗ.

ಪರದೆ ಸರಿಯಿತು. ಅವಳು ಕಾಫಿ ತಂದಳು. ಲೋಟ ಎಂದಿನಂತೆ ಮೇಷ್ಟರ ಮುಂದೆಯೇ ಇಟ್ಟಳು. ಸಕ್ಕರೆ ಸಾಕೇ ಎಂದು ಕೇಳಿದಳು. ಮೇಷ್ಟರು ತಲೆ ಆಡಿಸಿದರು. ಅವಳು ಗಂಡನ ಹತ್ತಿರ ಹೋಗಿ, ಅವನ ಅಂಗಿಯ ಹೆಗಲ ಮೇಲೆ ಅಂಟಿದ್ದ ಒಂದು ತುಂಡು ದಾರ ತೆಗೆದಳು. ಒಳಗೆ ಹೋದಳು. ಅಷ್ಟೆ. ಒಂದು ಮಾತು ಆಡಿದ್ದರೆ ನನಗೂ ಹೇಳುವುದಕ್ಕೆ ಇರುತ್ತಿತ್ತು.

ಮೇಷ್ಟರು ಕಾಫಿ ಕುಡಿದರು. ಬಿಡುವುದಕ್ಕೂ ಆಗದೆ ಕುಡಿದರು.

ಆಮೇಲೆ ಅವಳು ನಲ್ಲಿಯ ಹತ್ತಿರ ಪಂದ್ಯದ ಮಾತೆತ್ತಲಿಲ್ಲ. ಹೆಂಗಸರು ಮೊದಲು ಕಾದರು. ಆಮೇಲೆ ಒಬ್ಬಳು, ನಿಮ್ಮವರು ಅವತ್ತು ಗಿರಣಿಯವನನ್ನು ಐದು ಗಂಟೆಯವರೆಗೆ ಕೂರಿಸಿದರಲ್ಲ ಎಂದು ತಾನಾಗಿಯೇ ತೆಗೆದಳು. ಒಳ್ಳೆಯ ಮನಸ್ಸಿನಿಂದಲೇ ತೆಗೆದಳು. ದರ್ಜಿಯ ಹೆಂಡತಿ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದಳು. ಇಷ್ಟು ವರ್ಷ ಇವರೆಲ್ಲ ತನಗೆ ಹೂಂ ಎಂದದ್ದು ಯಾಕೆ ಎಂದು ಅವಳಿಗೆ ಆಗ ತಿಳಿದಿರಬೇಕು. ಒಬ್ಬೊಬ್ಬರ ಹೂಂ ಕೂಡ ನೆನಪಾಗಿರಬೇಕು.

ಆ ವರ್ಷವೂ ದೀಪಾವಳಿಗೆ ತವರಿನಿಂದ ಕರೆ ಬಂತು. ಅಳಿಯಂದಿರೂ ತಪ್ಪದೆ ಬರಬೇಕು ಎಂದೇ ಬಂತು. ಅಂಗಡಿಯಲ್ಲಿ ಹೊಲಿಗೆ ಬಹಳ ಇದೆ ಎಂದು ಅವಳು ಹೇಳಿ ಕಳಿಸಿದಳು.

ದರ್ಜಿ ಕ್ಲಬ್ಬಿಗೆ ಹೋಗುವುದನ್ನು ಬಿಟ್ಟ. ಹೆಂಡತಿ ಬಿಡಿಸಲಿಲ್ಲ. ಹೋಗಿ ಎಂದೇ ಹೇಳುತ್ತಿದ್ದಳು. ಸಂಜೆಯಾದರೆ ಅವನು ಪರದೆ ಸರಿಸಿ ಒಳಗೆ ಹೋಗಿ, ಅವಳ ಎದುರು ಕೂತು, ತಾನೂ ಒಂದು ಸೂಜಿ ತೆಗೆದುಕೊಂಡು ಕಾಜಾ ಹಾಕುತ್ತಿದ್ದ.

ಮೇಷ್ಟರಿಗೆ ಮಾತ್ರ ನಿದ್ದೆ ಬರತೊಡಗಿತು ಎಂದು ಅವರ ಹೆಂಡತಿಯೇ ಹೇಳಿದ್ದು. ನಾಲ್ಕು ದಿನ ಚೆನ್ನಾಗಿ ಬಂತಂತೆ. ಐದನೆಯ ದಿನ ಶಾಲೆಗೆ ಹೋಗುವಾಗ ದರ್ಜಿಯ ಹೆಂಡತಿ ಎದುರಿಗೆ ಬಂದಳು. ನಿಲ್ಲಿಸಿ ಮಾತಾಡಿಸಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ನಿಂತು, ಅವರು ಹೋಗಲಿ ಎಂದು ತಲೆ ತಗ್ಗಿಸಿದಳು. ನಾಚಿಕೆಪಡಬೇಕಾದವರು ಮೇಷ್ಟರು. ತಲೆ ತಗ್ಗಿಸಿದವಳು ಅವಳು. ಅಂದಿನಿಂದ ಮೇಷ್ಟರಿಗೆ ಮೊದಲಿನಷ್ಟು ನಿದ್ದೆಯೂ ಇಲ್ಲ.

ಅವ್ವನವರು ಅಷ್ಟಕ್ಕೆ ನಿಲ್ಲಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಕೆಳಗೆ ದಾರಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಶಿವನಂಜ ಎದ್ದು ನಿಂತ. ಹಾಗಾದರೆ ಮೇಷ್ಟರು ಸುಳ್ಳನ್ನೇ ಹೊತ್ತುಕೊಂಡು ಸಾಯಬೇಕಿತ್ತೇ, ನಿಜ ಹೇಳಿದ್ದು ತಪ್ಪೇ ಎಂದು ಕೇಳಿದ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ನನ್ನದು ಹಾಗಲ್ಲ, ನಾನು ಹೇಳಬೇಕಾದವನು ಒಬ್ಬನೇ, ಅವನ ಕಾಲು ಹಿಡಿದು ಹೇಳಿ ಬಂದುಬಿಡುತ್ತೇನೆ ಎಂದ.

ಅವ್ವನವರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

"ಆ ಮನೆಯಲ್ಲಿ ಒಳಗೆ ಯಾರಿದ್ದಾರೆ?" ಎಂದು ಕೇಳಿದರು.